ಅಚ್ಚಾಗದ ಹಿಮ

ಕೇಳುಗರ ಕಣ್ಣೆದುರು ಚಿತ್ರವಿಲ್ಲ; ಮಾತಿನಲ್ಲಿಯೇ ಬಿಡಿಸಬೇಕು. ಜಪಾನಿನ ಹಿರೋಶಿಗೆ 1833-34ರ ಸುಮಾರಿಗೆ ರಚಿಸಿದ ‘ಕಂಬಾರಾ: ರಾತ್ರಿಯ ಹಿಮ’ ಎಂಬ ಮರದಚ್ಚಿನ ಚಿತ್ರವದು. ಅದರಲ್ಲಿ ಹಿಮದ ಬಿಳುಪಿಗೆ ಬಣ್ಣವೇ ಇಲ್ಲ. ಅದು ಬರಿಯ ಕಾಗದ. ಅಲ್ಲಿ ಕೆತ್ತನೆಗಾರ ಮರವನ್ನು ಕೊರೆದು ತೆಗೆದಿದ್ದಾನೆ. ಆಗಸದ ಕಪ್ಪು ಮೆಲ್ಲನೆ ತಿಳಿಯಾಗುವುದಾದರೋ ಮುದ್ರಕನ ಕೈಗುಣ: ಪ್ರತಿಯೊಂದು ಪ್ರತಿಗೂ ಆತ ಹಲಗೆಯ ಮೇಲಿನ ಮಸಿಯನ್ನು ಹೊಸದಾಗಿ ಹದಗೊಳಿಸಬೇಕು. ನಾವು ನೆನೆಯುವ ಹೆಸರು ಮಾತ್ರ ಹಿರೋಶಿಗೆಯದು!

ಕಂಬಾರಾ ಕಡಲ ತಡಿಯ ಬೆಚ್ಚನೆಯ ನೆಲೆ. ಇಷ್ಟು ಹಿಮ ಅಲ್ಲಿ ಅಪರೂಪ. ಕಂಡದ್ದಕ್ಕಿಂತ ಕಲ್ಪಿಸಿದ ಚಳಿಗಾಲವೇ ಇದಿರಬೇಕು. ಆದರೂ ಸುಳ್ಳೆನಿಸದು. ಮೂವರು ದಾರಿಹೋಕರಿದ್ದಾರೆ. ಇಬ್ಬರು ಬಾಗಿ ಬಲಕ್ಕೆ ನಡೆದಿದ್ದಾರೆ. ಒಬ್ಬ ಅರೆಬಿಚ್ಚಿದ ಕೊಡೆಯೊಳಗೆ ತಲೆ ಹುದುಗಿಸಿ ಎಡಕ್ಕೆ. ಎದುರಾದಾಗ ಮಾತನಾಡಿದರೋ ಇಲ್ಲವೋ, ಈಗಂತೂ ಯಾರೂ ಹಿಂತಿರುಗಿ ನೋಡುತ್ತಿಲ್ಲ.