ಮೋರಿಯ ಮುಚ್ಚಳ ಯಾರದು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ರಜೆಯ ಮಾತು ಬಿಟ್ಟು ಇವನು ಮೋರಿಯ ಮಾತೆತ್ತಿದನಲ್ಲ ಎಂದು ತಾವು ನಗಬಹುದು. ನಗಿರಿ. ಆದರೆ ರಾತ್ರಿ ಹನ್ನೆರಡರ ಮೇಲೆ ಈ ಹೈದರಾಬಾದಿನ ಗಲ್ಲಿಗಳಲ್ಲಿ ನಡೆಯುವವರು ಯಾರು? ಪಾತ್ರೆ ತೊಳೆದಿಟ್ಟು ಕೋಣೆಗೆ ಮರಳುವ ಹೋಟೆಲಿನವರು, ಪಾಳಿ ಮುಗಿಸಿದ ಮಿಲ್ಲಿನವರು. ಉರಿಯದ ದೀಪವೂ ಬಾಯ್ದೆರೆದ ಮೋರಿಯೂ ಕಾದಿರುವುದು ಕಾರಿನವರಿಗಲ್ಲ, ನಮಗೆ.

ನಾನಿದ್ದ ಗಲ್ಲಿಯಲ್ಲಿ ಒಂದು ಮ್ಯಾನ್‌ಹೋಲಿನ ಮುಚ್ಚಳ ಒಡೆದಿತ್ತು. ಯಾರೋ ಪುಣ್ಯಾತ್ಮರು ಅದರಲ್ಲಿ ಬೇವಿನ ಕೊಂಬೆ ನಿಲ್ಲಿಸಿದರು. ಹತ್ತು ದಿನ ಎಲ್ಲರೂ ಕೊಂಬೆಯನ್ನು ಸುತ್ತಿಕೊಂಡು ನಡೆದೆವು. ಹನ್ನೊಂದನೆಯ ರಾತ್ರಿ ಕೊಂಬೆ ಇರಲಿಲ್ಲ, ದೀಪವೂ ಇರಲಿಲ್ಲ. ನಮ್ಮ ಕ್ಲೀನರ್ ಹುಡುಗ ಬಿದ್ದು ಕಾಲು ಮುರಿದುಕೊಂಡ. ಎರಡು ತಿಂಗಳು ಅವನ ತಾಯಿಗೆ ಹಣ ಹೋಗಲಿಲ್ಲ. ಆಮೇಲೆ ವಿಚಾರಿಸಿದರೆ, ಆ ಹತ್ತು ದಿನಗಳಲ್ಲಿ ಒಬ್ಬನೂ ದೂರು ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. "ಇದೇನು ನಮ್ಮೂರೇ? ನಾಲ್ಕು ದಿನ ಇದ್ದು ಹೋಗುವವರು" ಎಂಬ ಮಾತು ನಮ್ಮ ಬಾಯಲ್ಲಿ ಸದಾ ಸಿದ್ಧ. ಹಾಗೆನ್ನುವವನು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿರುತ್ತದೆ!

ಹೊರಗಿನವರೆಂಬ ಸಂಕೋಚ ಏತಕ್ಕೆ? 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು, ನದಿಯ ಮೇಲುಭಾಗದಲ್ಲಿ ಜಲಾಶಯ ಕಟ್ಟುವ ಯೋಜನೆಯ ಜೊತೆಗೆ ಊರಿನ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಕೆರೆಯನ್ನು ಎಲ್ಲರೂ ಹೊಗಳುತ್ತಾರೆ. ಮೋರಿಯನ್ನು ಹೊಗಳಿದವರನ್ನು ನಾನು ಕಂಡಿಲ್ಲ.

ದೂರು ಕೊಡುವವನು ಮೊದಲು ಯಾವುದು ಯಾರದೆಂದು ತಿಳಿಯಬೇಕು. ಮ್ಯಾನ್‌ಹೋಲು, ಹೊಲಸು ನೀರು ಉಕ್ಕುವುದು ಜಲಮಂಡಳಿಯ ಪಾಲಿಗೆ, ಫೋನು 155313. ಕಸ, ಬೀದಿದೀಪ, ಮಳೆನೀರಿನ ಕಾಲುವೆ ನಗರಪಾಲಿಕೆಗೆ. ಜೋತುಬಿದ್ದ ತಂತಿ ವಿದ್ಯುತ್ ಕಂಪನಿಗೆ, ಫೋನು 1912. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದರೆ "ನಮ್ಮದಲ್ಲ" ಎಂಬ ಉತ್ತರ ಕೇಳಿ ಸುಮ್ಮನಾಗಬೇಕಾಗುತ್ತದೆ. "ಹೋಟೆಲಿನ ಹಿಂದೆ" ಎಂದರೆ ಯಾವ ಹೋಟೆಲು? ಎದುರು ಮನೆಯ ನಂಬರು, ಕಂಬದ ಮೇಲೆ ನಂಬರಿದ್ದರೆ ಅದು, ಇವನ್ನು ಹೇಳಿರಿ. ದೂರಿಗೆ ಕೊಡುವ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ನಂಬರಿಲ್ಲದ ದೂರು ಬಿಲ್ಲಿಲ್ಲದ ಪಾರ್ಸೆಲ್ಲಿನಂತೆ. ಆಮೇಲೆ ಯಾರೂ ಒಪ್ಪುವುದಿಲ್ಲ.

ಮಳೆಗಾಲದ ಒಂದು ಮಾತು. ರಸ್ತೆಯಲ್ಲಿ ನೀರು ನಿಂತರೆ ಮುಚ್ಚಳ ಎತ್ತಿಬಿಡುವ ಚಾಳಿ ನಮ್ಮವರಿಗಿದೆ. 2017ರ ಆಗಸ್ಟ್ 29ರಂದು ಮುಂಬಯಿಯಲ್ಲಿ, ನೀರು ಇಳಿಯಲೆಂದು ತೆರೆದಿದ್ದ ಮ್ಯಾನ್‌ಹೋಲಿಗೆ ಒಬ್ಬ ಹೆಸರಾಂತ ವೈದ್ಯರು ಬಿದ್ದರು. ಶವ ಸಿಕ್ಕಿದ್ದು ಎರಡು ದಿನದ ಮೇಲೆ. ತೆರೆದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಎತ್ತಬೇಡಿರಿ, ಫೋನು ಮಾಡಿರಿ.

ಕೊಂಚ ಕಹಿಯೂ ಹೇಳಬೇಕು. ಮೋರಿ ಕಟ್ಟುವುದೇಕೆ? ಕರಿದ ಎಣ್ಣೆ, ಎಂಜಲನ್ನ, ಹುಳಿಬಂದ ಹಿಟ್ಟು ಬಚ್ಚಲಿಗೆ ಸುರಿಯುವವರು ನಾವೇ. ಜಿಡ್ಡು ಕೊಳವೆಯೊಳಗೆ ಹೆಪ್ಪುಗಟ್ಟುತ್ತದೆ. ಆಮೇಲೆ "ಯಾರನ್ನಾದರೂ ಇಳಿಸಿಬಿಡು" ಎನ್ನುವ ಧಣಿಗಳಿದ್ದಾರೆ. ರಕ್ಷಣೆಯ ಸಾಧನವಿಲ್ಲದೆ ಮನುಷ್ಯನನ್ನು ಮೋರಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಒಳಗಿನ ವಿಷಗಾಳಿ ಕ್ಷಣದಲ್ಲಿ ಕೊಲ್ಲುತ್ತದೆ. ಎತ್ತಲು ಇಳಿದವನನ್ನೂ ಕೊಲ್ಲುತ್ತದೆ. ಇಳಿಯುವವನೂ ನಮ್ಮಂತೆ ಕೂಲಿಯವನು. ಹಾಗೆ ಕರೆತರಲು ಹೇಳಿದರೆ ನೀವು ಹೋಗಬೇಡಿರಿ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದೇವೆ. ಒಡೆದ ಮುಚ್ಚಳ, ಆರಿದ ದೀಪ ಕಂಡವರು ಜಾಗ ಬರೆಸಿರಿ. ತೆಲುಗಿನಲ್ಲಿ ಮಾತಾಡಲು ಅಂಜುವವರ ಪರವಾಗಿ ನಾನು ಇಂದೇ ಫೋನು ಮಾಡುತ್ತೇನೆ. ನಂಬರನ್ನು ನಿಮ್ಮ ಹೆಸರಿನ ಮುಂದೆಯೇ ಬರೆದಿಡುತ್ತೇನೆ. ಬರುವ ಭಾನುವಾರ ಬಂದು ನೋಡಿರಿ.