ಬೆಳಿಗ್ಗೆ ಹುಳಿಯಾಗುವ ಎಲೆ

ಮಕ್ಕಳೇ, ಕಾಡುಬಸಳೆಯ ಒಂದು ಎಲೆ ಕಿತ್ತು ಹಿಡಿದು ನೋಡಿ. ದಪ್ಪಗೆ, ತಣ್ಣಗೆ ಇರುತ್ತದೆ. ಮುರಿದರೆ ನೀರು ಜಿನುಗುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿವೆಯಲ್ಲ? ಎಲೆಯನ್ನು ಒದ್ದೆ ಮಣ್ಣಿನ ಮೇಲೆ ಇಟ್ಟರೆ ಆ ಕಚ್ಚುಗಳಿಂದಲೇ ಬೇರು ಇಳಿದು ಪುಟ್ಟ ಮರಿಗಿಡಗಳು ಏಳುತ್ತವೆ.

ಈ ಗಿಡದ ತವರು ಮಡಗಾಸ್ಕರ್ ದ್ವೀಪ. ನೀರು ಸಿಕ್ಕಾಗ ಎಲೆಯಲ್ಲಿ ಕೂಡಿಟ್ಟು ಬರಗಾಲ ದಾಟುವ ಜಾತಿ. ಹೆಚ್ಚಿನ ಗಿಡಗಳು ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಲ್ಲಿ ತೆರೆಯುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಕಾಡುಬಸಳೆ ಹಗಲು ರಂಧ್ರ ಮುಚ್ಚಿ, ತಂಪು ರಾತ್ರಿಯಲ್ಲಿ ತೆರೆಯುತ್ತದೆ. ಆಗ ಒಳಗೆಳೆದ ಕಾರ್ಬನ್ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ ಇಟ್ಟುಕೊಂಡು, ಬಿಸಿಲು ಬಂದ ಮೇಲೆ ಅದರಿಂದ ಸಕ್ಕರೆ ತಯಾರಿಸುತ್ತದೆ. ಹಾಗಾಗಿ ಬೆಳಿಗ್ಗೆ ಎಲೆ ಹುಳಿ, ಮಧ್ಯಾಹ್ನ ಸಪ್ಪೆ!

ಹಿಂದೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್, ಇದೇ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ರುಚಿ ನೋಡಿ, 1813ರಲ್ಲಿ ಅದರ ಬಗ್ಗೆ ಪತ್ರ ಬರೆದಿದ್ದರು. ನೀವು ಮಾತ್ರ ಬಾಯಿಗೆ ಹಾಕಬೇಡಿ. ಇದನ್ನು ತಿಂದ ದನಗಳಿಗೆ ವಿಷವೇರುವುದುಂಟು. ಬದಲಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಎಲೆ ಜಜ್ಜಿ, ಹುಳಿ ಎಷ್ಟೆಂದು ಬಣ್ಣದಿಂದ ತೋರಿಸುವ ಪಿಎಚ್ ಕಾಗದವನ್ನು ರಸಕ್ಕೆ ಅದ್ದಿ, ಬಣ್ಣ ಹೋಲಿಸಿ. ಆಮೇಲೆ ಕೈ ತೊಳೆಯಿರಿ.

ಈಗ ಉಡುಪಿ ಜಿಲ್ಲೆಯ ಬೀಜಾಡಿ ಊರಿನ ಮಾತು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೀರು ಉಳಿಸಲೆಂದೇ ಹುಟ್ಟಿದ ಗಿಡಕ್ಕೆ ಇಲ್ಲಿ ಕಷ್ಟ ಬಾಯಾರಿಕೆಯಿಂದಲ್ಲ, ನೀರಿನಿಂದ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದು, ಶಿಲೀಂಧ್ರ ನುಗ್ಗಿ ಬುಡ ಮೆತ್ತಗಾಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಕುಂಡವನ್ನು ಒಳಗೆ, ಬೆಳಕು ಬರುವ ಕಿಟಕಿಯ ಬಳಿ ಇಡಿ. ಕುಂಡದ ಅಡಿಯಲ್ಲಿ ತೂತು ಇರಲೇಬೇಕು. ಮಣ್ಣಿಗೆ ಹೊಳೆಯ ಹೊಯ್ಗೆ ಬೆರೆಸಿ. ಕಡಲಿನ ಹೊಯ್ಗೆ ಬೇಡ. ಅದರ ಉಪ್ಪು, ಬೇರು ನೀರು ಹೀರದಂತೆ ತಡೆಯುತ್ತದೆ.

ನೀರು ಹಾಕುವ ಮುಂಚೆ ಮಣ್ಣಿನೊಳಗೆ ಬೆರಳಿನ ಎರಡು ಗೆಣ್ಣು ಇಳಿಸಿ. ತೇವ ತಾಗಿದರೆ ಬಿಡಿ. ಒಣಗಿದ್ದರೆ, ಅಡಿಯ ತೂತಿನಿಂದ ಇಳಿಯುವಷ್ಟು ನೀರು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಕಾಂಡ ಸಪೂರವಾಗಿ, ಕಿಟಕಿಯತ್ತ ವಾಲಿ ಉದ್ದ ಬೆಳೆಯುತ್ತಿದ್ದರೆ ಅದು ಬೆಳಕು ಕೇಳುತ್ತಿದೆ, ನೀರನ್ನಲ್ಲ.