ನೀಲಿ ಚೀಟಿಯ ಭರವಸೆ

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದಕ್ಕೆ ‘ಸ್ಯಾಮ್ ಬಹಾದ್ದೂರ್’ ಸಿನಿಮಾ ನೋಡಲು ಹೋದವರೊಬ್ಬರು 4.05ರ ಆಟಕ್ಕೆ ಟಿಕೆಟ್ ತೆಗೆದು, ಜಾಹೀರಾತು ನೋಡುತ್ತ ನಾಲ್ಕೂವರೆವರೆಗೆ ಕೂತರು. ಆಮೇಲೆ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರು. 2025ರ ಫೆಬ್ರುವರಿಯಲ್ಲಿ ಆಯೋಗ ಅವರ ಮಾನಸಿಕ ಯಾತನೆಗೆ 20,000, ಖರ್ಚಿಗೆ 8,000 ರೂಪಾಯಿ ಕೊಡಿಸಿತು. ಗ್ರಾಹಕರ ಕಲ್ಯಾಣ ನಿಧಿಗೆ ಒಂದು ಲಕ್ಷ ಕಟ್ಟುವಂತೆಯೂ ಪಿವಿಆರ್ ಐನಾಕ್ಸ್‌ಗೆ ಹೇಳಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ಇಪ್ಪತ್ತೈದು ನಿಮಿಷಕ್ಕೂ ಯಾತನೆಯೇ ಎಂದು ಆಗ ಕೇಳಿದವರು ಬಹಳ. ಅನಂತಪುರ ಜಿಲ್ಲೆಯ ಕನ್ನಡಿಗರು ಕೇಳಬೇಕಾದ ಪ್ರಶ್ನೆ ಬೇರೆ. ಸಿನಿಮಾ ಮಂದಿರದ ಇಪ್ಪತ್ತೈದು ನಿಮಿಷಕ್ಕೆ ಲೆಕ್ಕ ಉಂಟೆಂದಾದರೆ, ಬೆಳುಗುಪ್ಪದ ಹೊಲದಲ್ಲಿ ಶೇಂಗಾ ಬೀಜ ಮೊಳೆಯದೆ ಕೈತಪ್ಪಿದ ಒಂದು ಮುಂಗಾರಿಗೆ ಲೆಕ್ಕ ಎಷ್ಟು?

1872ರ ಕರಾರು ಕಾಯ್ದೆಯ 73ನೇ ಕಲಂ ಸಹಜವಾಗಿ ಆದ ನಷ್ಟವನ್ನು, ಇಲ್ಲವೆ ಕರಾರಿನ ಹೊತ್ತಿಗೇ ಇಬ್ಬರಿಗೂ ಗೊತ್ತಿದ್ದ ನಷ್ಟವನ್ನು ಮಾತ್ರ ಕಟ್ಟಿಕೊಡು ಎನ್ನುತ್ತದೆ. ದೂರದ, ಸುತ್ತುಬಳಸಿ ಬಂದ ನಷ್ಟ ಅದಕ್ಕೆ ಬೇಡ. ಈ ಭಾಗದಲ್ಲಿ ಕಾನೂನು ಪಾಠ ಹೇಳುತ್ತಿದ್ದ ಹಳೆಯ ಮೇಷ್ಟ್ರೊಬ್ಬರು ತೆಲುಗಿನಲ್ಲಿ ಶುರು ಮಾಡಿ, ವಿಷಯ ಕಾವೇರಿದ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದರು. ಇಂಗ್ಲೆಂಡಿನ ಗಿರಣಿಯೊಂದರ ದಂಡ ಮುರಿದು ಹುಟ್ಟಿದ 1854ರ ಹ್ಯಾಡ್ಲಿ ಮೊಕದ್ದಮೆಯನ್ನು ಅವರು ಉರವಕೊಂಡದ ಗಾಣಕ್ಕೆ ತಂದು ಕಟ್ಟುತ್ತಿದ್ದರು. ಗಾಣ ನಿಲ್ಲುತ್ತದೆಂದು ಮೊದಲೇ ತಿಳಿಸಿದ್ದರೆ ನಿಂತ ದಿನಗಳ ಎಣ್ಣೆಯ ಲೆಕ್ಕ ಕೇಳಬಹುದು, ಗಾಣಿಗನ ನಿದ್ದೆಯ ಲೆಕ್ಕ ಕೇಳುವ ಹಾಗಿಲ್ಲ ಎನ್ನುತ್ತಿದ್ದರು. ಅಷ್ಟು ಹೇಳಿ ಪುಸ್ತಕ ಮುಚ್ಚಿ, ‘ಯಾಕೆ ಕೇಳಬಾರದು, ನೀವೇ ಹೇಳ್ರಪ್ಪಾ’ ಎಂದು ಹುಡುಗರ ಮುಖ ನೋಡುತ್ತಿದ್ದರು.

ಆ ಪ್ರಶ್ನೆಗೆ ಇಂಗ್ಲೆಂಡಿನಲ್ಲೇ ಒಂದು ಉತ್ತರ ಬಂದದ್ದು 1972ರಲ್ಲಿ. ಜಾರ್ವಿಸ್ ಎಂಬ ವಕೀಲ 63 ಪೌಂಡ್ ಚಿಲ್ಲರೆ ಕಟ್ಟಿ ಸ್ವಿಟ್ಜರ್ಲೆಂಡಿಗೆ ಚಳಿಗಾಲದ ರಜೆಗೆ ಹೋಗಿದ್ದ. ಹೋಟೆಲ್ ತುಂಬ ಜನ, ಸಂಜೆ ಹಾಡು, ಚಹಾದ ಜೊತೆ ಕೇಕು ಎಂದು ಕಂಪನಿಯ ಪುಸ್ತಿಕೆ ಹೇಳಿತ್ತು. ಎರಡನೇ ವಾರ ಆ ಹೋಟೆಲಿನಲ್ಲಿ ಅವನೊಬ್ಬನೇ. ಹಾಡುಗಾರ ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಗಡಿಬಿಡಿಯಲ್ಲಿ ಹಾಡಿ ಹೋದ. ಕೆಳ ನ್ಯಾಯಾಲಯ ಕಟ್ಟಿದ ಹಣದ ಅರ್ಧ ಕೊಡಿಸಿತ್ತು. ಲಾರ್ಡ್ ಡೆನ್ನಿಂಗ್ ಅವರಿದ್ದ ಪೀಠ ಅದನ್ನು 125 ಪೌಂಡಿಗೆ ಏರಿಸಿತು. ಸಂತೋಷವನ್ನೇ ಮಾರಿದವನು ಸಂತೋಷ ಕೊಡದಿದ್ದರೆ ನಿರಾಸೆಯೇ ನಷ್ಟವಾಗುತ್ತದೆ ಎಂಬುದು ಅಲ್ಲಿಯ ತರ್ಕ.

ನಮ್ಮಲ್ಲಿ 1986ರ ಗ್ರಾಹಕರ ಕಾಯ್ದೆ ಬಾಗಿಲು ತೆರೆಯಿತು. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ಹಣ ಕಟ್ಟಿಯೂ ಮನೆ ಸಿಗದೆ ಅಲೆದವರಿಗೆ ಕೊಟ್ಟ 10,000 ರೂಪಾಯಿಯನ್ನು ತಪ್ಪು ಮಾಡಿದ ಅಧಿಕಾರಿಗಳಿಂದಲೇ ವಸೂಲಿ ಮಾಡಿ ಎಂದಿತು ಸುಪ್ರೀಂ ಕೋರ್ಟ್. ಅದೇ ಕೋರ್ಟ್ 2000ದಲ್ಲಿ ಗಾಜಿಯಾಬಾದ್ ಪ್ರಕರಣದಲ್ಲಿ, ಸಾಮಾನ್ಯ ಕರಾರು ಮುರಿದದ್ದಕ್ಕೆ ಮನೋವ್ಯಥೆಯ ಪರಿಹಾರ ಸಲ್ಲದು ಎಂದಿತು. 2004ರ ಬಲ್ಬೀರ್ ಸಿಂಗ್ ತೀರ್ಪು ಗ್ರಾಹಕರ ವೇದಿಕೆಗೆ ಆ ಅಧಿಕಾರ ಉಂಟೆಂದು ಮತ್ತೆ ಹೇಳಿತು. ಎಲ್ಲರಿಗೂ ಒಂದೇ ಸಮ ಶೇ 18 ಬಡ್ಡಿ ಕೊಡಿಸುವ ರೂಢಿ ಸರಿಯಲ್ಲ, ಆಯಾ ಪ್ರಕರಣದ ನಷ್ಟ ತೂಗಿ ನೋಡಿ ಎಂದೂ ಹೇಳಿತು. ಈ ಕೊನೆಯ ಮಾತನ್ನೇ ಎಲ್ಲರೂ ಮರೆತಿದ್ದಾರೆ. ಆದೇಶದ ಪುಟಗಟ್ಟಲೆ ಸಾಕ್ಷ್ಯದ ಚರ್ಚೆ ನಡೆದಿರುತ್ತದೆ, ಕೊನೆಗೆ ಬಂದರೆ ‘ಮಾನಸಿಕ ಯಾತನೆಗೆ ಐದು ಸಾವಿರ’. ಐದೇ ಏಕೆ, ಐವತ್ತು ಏಕಲ್ಲ? ಕಾರಣ ಬರೆದಿರುವುದಿಲ್ಲ.

ಈಗ ಶೇಂಗಾದ ಮಾತು. ಪ್ರಮಾಣೀಕೃತ ಬೀಜದ ಚೀಲದ ಬಾಯಿಗೆ ಹೊಲಿದ ನೀಲಿ ಚೀಟಿಯನ್ನು ಇಲ್ಲಿ ಎಲ್ಲರೂ ಕೈಯಲ್ಲಿ ಹಿಡಿದವರೇ. ತಳಿಯ ಹೆಸರು, ಲಾಟ್ ನಂಬರು, ಪರೀಕ್ಷೆಯ ದಿನಾಂಕ ಅದರಲ್ಲಿರುತ್ತವೆ. ಶೇಂಗಾಕ್ಕೆ ಕನಿಷ್ಠ ಶೇ 70 ಮೊಳಕೆ ಇರಬೇಕೆಂಬುದು ಮಾನದಂಡ. ಅಂದರೆ ಆ ಚೀಟಿ ಬರೀ ಕಾಗದವಲ್ಲ, ಮಾತು. ಸಾಲ ತಂದು, ಹದ ಮಳೆ ಕಾದು, ಇದ್ದ ಬೀಜವನ್ನೆಲ್ಲ ಒಂದೇ ಹದಕ್ಕೆ ಬಿತ್ತುವವನು ಆ ಮಾತನ್ನು ನಂಬಿ ಬಿತ್ತುತ್ತಾನೆ.

ಆಂಧ್ರದ ರೈತರೇ ನಡೆಸಿದ ಹೋರಾಟ ಇದು: ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಮಧುಸೂದನ ರೆಡ್ಡಿ ಪ್ರಕರಣ, 2012ರ ಜನವರಿ. ಬೀಜ ಕೊಂಡ ರೈತ ಗ್ರಾಹಕನೇ, 1966ರ ಬೀಜ ಕಾಯ್ದೆಯಲ್ಲಿ ಅವನಿಗೆ ಪರಿಹಾರದ ದಾರಿ ಇಲ್ಲವಾದ್ದರಿಂದ ವೇದಿಕೆಗೆ ಬರಬಹುದು ಎಂದಿತು ಸುಪ್ರೀಂ ಕೋರ್ಟ್. ಪ್ರಯೋಗಾಲಯಕ್ಕೆ ಕಳಿಸಲು ಮಾದರಿ ಎಲ್ಲಿ ಎಂಬ ನಿಗಮದ ವಾದವೂ ನಿಲ್ಲಲಿಲ್ಲ. ಬಿತ್ತಲು ತಂದವನು ಪರೀಕ್ಷೆಗೆಂದು ಬೀಜ ಎತ್ತಿಡುತ್ತಾನೆಂದು ಎಣಿಸಲಾಗದು. ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಬೆಳೆ ಹೋದ ಪ್ರಕರಣಗಳಲ್ಲಿ ಲೆಕ್ಕ ನಿಲ್ಲುವುದು ಎಕರೆಗೆ ಎಷ್ಟು ಚೀಲ, ಚೀಲಕ್ಕೆ ಎಷ್ಟು ದರ ಎಂಬಲ್ಲಿ. ಮಗಳ ಮದುವೆ ಮುಂದೆ ಹೋದದ್ದು, ಅಂಗಡಿಯವನ ಮುಂದೆ ತಲೆ ತಗ್ಗಿಸಿದ್ದು ಆ ಲೆಕ್ಕದ ಹೊರಗೆ. ಜಾರ್ವಿಸನ ರಜೆಗೆ ಒಪ್ಪಿದ ತರ್ಕ ನೀಲಿ ಚೀಟಿಗೆ ಏಕೆ ಒಪ್ಪಬಾರದು? ಅಂಗಡಿಯಲ್ಲಿ ಮಾರಿದ್ದು ಕಾಳಲ್ಲ, ಮುಂದಿನ ಬೆಳೆಯ ಭರವಸೆ.

ಇಲ್ಲೊಂದು ತೊಡಕಿದೆ, ಮುಚ್ಚಿಡಬಾರದು. ‘ಫ್ಯಾನ್’ ಸಿನಿಮಾದ ಪ್ರಚಾರದಲ್ಲಿದ್ದ ಹಾಡು ಸಿನಿಮಾದಲ್ಲಿರಲಿಲ್ಲ. ಮಕ್ಕಳು ಬೇಸರದಿಂದ ಊಟ ಬಿಟ್ಟರು ಎಂದು ತಾಯಿಯೊಬ್ಬರು ದೂರು ಕೊಟ್ಟು 10,000 ರೂಪಾಯಿ ಪಡೆದಿದ್ದರು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ನರಸಿಂಹ, ನ್ಯಾಯಮೂರ್ತಿ ಅರವಿಂದ್ ಕುಮಾರ್ ಅವರ ಪೀಠ ಅದನ್ನು ರದ್ದು ಮಾಡಿತು. ಪ್ರಚಾರ ಚಿತ್ರ ಕರಾರಲ್ಲ ಎಂಬುದು ಕಾರಣ. ಕೊಟ್ಟ ಮಾತು ಇಲ್ಲದಿದ್ದರೆ ನಿರಾಸೆಗೆ ಹೊಣೆ ಇಲ್ಲ. ಇದನ್ನು ಈ ನೆಲದವರು ಚೆನ್ನಾಗಿ ಬಲ್ಲರು. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲೂಕು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಾಗ ಇಲ್ಲಿಯ ಹಿರಿಯರು ಪಟ್ಟ ಸಂಕಟವನ್ನು ಯಾವ ಕಟಕಟೆಯಲ್ಲಿ ಹೇಳಬೇಕಿತ್ತು?

ಹಾಗಾದರೆ ದರಪಟ್ಟಿ ಬೇಕೆ? ಮೋಟಾರು ಅಪಘಾತಗಳಲ್ಲಿ ಅಂಥದ್ದೊಂದು ಇದೆ. 2017ರ ಪ್ರಣಯ್ ಸೇಠಿ ತೀರ್ಪು ಸಂಗಾತಿಯನ್ನು ಕಳೆದುಕೊಂಡವರಿಗೆ 40,000 ರೂಪಾಯಿ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ ಎಂದು ನಿಗದಿ ಮಾಡಿತು. ನ್ಯಾಯಾಧೀಶರ ಮನಸ್ಸಿಗೆ ಬಂದಷ್ಟು ಎಂಬ ಅನಿಶ್ಚಯ ಅದರಿಂದ ತಪ್ಪಿತು. ಮುಂಗಾರು ಕಳೆದುಕೊಂಡವರಿಗೂ ಹಾಗೊಂದು ಅಂಕಿ ಬರೆದಿಟ್ಟರೆ, ಎರಡು ಎಕರೆಯ ಒಂಟಿ ಹೆಂಗಸಿಗೂ ಇಪ್ಪತ್ತು ಎಕರೆಯವನಿಗೂ ಒಂದೇ ಸಂಕಟ ಎಂದಂತಾಗುವುದಿಲ್ಲವೆ? ಬರೆಯದೆ ಬಿಟ್ಟರೆ, ಕನ್ನಡದಲ್ಲಿ ಅನುಭವಿಸಿದ್ದನ್ನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಅರ್ಜಿ ಬರೆಸಿ ಸಾಬೀತು ಮಾಡುವ ಹೊರೆ ಯಾರ ಹೆಗಲಿಗೆ ಬೀಳುತ್ತದೆ? ಮೇಷ್ಟ್ರು ಕೇಳಿದ ಗಾಣಿಗನ ನಿದ್ದೆಯನ್ನು ಅಳೆಯುವ ಕೆಲಸವನ್ನು ಕೋರ್ಟಿಗೆ ಒಪ್ಪಿಸಬೇಕೆ, ಇಲ್ಲ ಶಾಸನಸಭೆಗೆ ಒಪ್ಪಿಸಬೇಕೆ?